ಕಾವೇರಿಯಿಂದ ಕೋಲಾರಕ್ಕೆ: ಒಂದು ನೀರು, ಹಲವು ಪರಿಣತರು

ಬೆಂಗಳೂರಿನ ನಲ್ಲಿಯಲ್ಲಿ ಬೀಳುವ ಕಾವೇರಿ ನೀರು ಏರು ಹತ್ತಿ ಬಂದ ನೀರು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಹೊರಡುವ ಅದನ್ನು ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಬೇಕು. ದೂರ ಸುಮಾರು 100 ಕಿಲೋಮೀಟರ್, ಎತ್ತರ ಸುಮಾರು 500 ಮೀಟರ್. ಯೋಜನೆಯ ಮೊದಲ ಹಂತ ಶುರುವಾದದ್ದು 1974ರಲ್ಲಿ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಊರು ಬಳಸಿ ಬಿಟ್ಟ ನೀರಿನ ಒಂದು ಪಾಲು ಸಂಸ್ಕರಣೆಯಾಗಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳ ಕಡೆ ಹರಿಯುತ್ತಿದೆ.

ಸಿವಿಲ್ ಎಂಜಿನಿಯರಿಂಗ್ ಶಾಖೆಗಳನ್ನು ಕಟ್ಟಡ, ರಸ್ತೆ, ಅಣೆಕಟ್ಟು ಎಂದು ಕಟ್ಟುವ ವಸ್ತುವಿನ ಮೇಲೆ ಹೆಸರಿಸುವುದು ರೂಢಿ. ಸಂಶೋಧನೆಗೆ ಇಳಿದವರನ್ನು ಬೇರ್ಪಡಿಸುವುದು ಅವರು ಬೆನ್ನು ಹತ್ತಿದ ಪ್ರಶ್ನೆ. ಈ ನೀರಿನ ದಾರಿಯಲ್ಲೇ ನಡೆದರೆ ಆ ಪ್ರಶ್ನೆಗಳು ಒಂದೊಂದಾಗಿ ಎದುರಾಗುತ್ತವೆ.

ಎತ್ತುವ ಲೆಕ್ಕ

ಸಾವಿರ ಲೀಟರ್ ನೀರನ್ನು 500 ಮೀಟರ್ ಮೇಲೆತ್ತಲು ಬರಿ ಲೆಕ್ಕದಲ್ಲೇ ಸುಮಾರು 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ, ಪೈಪಿನ ಘರ್ಷಣೆ ಸೇರಿದರೆ ಇನ್ನೂ ಹೆಚ್ಚು. ಪಂಪು, ಪೈಪಿನ ಅಳತೆ, ಒತ್ತಡ ಇವೆಲ್ಲ ಹೈಡ್ರಾಲಿಕ್ಸ್‌ನವರ ಪಾಲು. ಕರೆಂಟು ಹೋಗಿ ಪಂಪು ದಿಢೀರನೆ ನಿಂತರೆ ಪೈಪಿನೊಳಗೆ ಒತ್ತಡದ ಅಲೆ ಎದ್ದು ಹಿಂದಕ್ಕೂ ಮುಂದಕ್ಕೂ ಬಡಿಯುತ್ತದೆ. ವಾಟರ್ ಹ್ಯಾಮರ್ ಎಂಬ ಈ ಹೊಡೆತಕ್ಕೆ ದೊಡ್ಡ ಪೈಪೂ ಸೀಳಬಹುದು. ಅದನ್ನು ತಾಳಿಕೊಳ್ಳುವ ಏರ್ಪಾಡು ರೂಪಿಸುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ನದಿಯಲ್ಲಿ ಮುಂದಿನ ಮೂವತ್ತು ವರ್ಷ ಎಷ್ಟು ನೀರಿದ್ದೀತು ಎಂದು ಅಂದಾಜು ಮಾಡುವವರು ಜಲವಿಜ್ಞಾನಿಗಳು. ಹವಾಮಾನ ಬದಲಾಗುತ್ತಿರುವಾಗ ಹಳೆಯ ಮಳೆ ದಾಖಲೆಯನ್ನು ಎಷ್ಟು ನಂಬಬಹುದು ಎಂಬುದು ಇಂದು ಅವರ ಮುಂದಿರುವ ಬಹು ದೊಡ್ಡ ಪ್ರಶ್ನೆ.

ನೆಲ ಬಲ್ಲವರು

ಪೈಪು, ತೊಟ್ಟಿ, ಸೇತುವೆ ಯಾವುದೇ ಇರಲಿ, ಕೊನೆಗೆ ಕೂರುವುದು ಮಣ್ಣಿನ ಮೇಲೆ. ಮಣ್ಣಿನ ಕಣಗಳ ನಡುವಿನ ನೀರೂ ಭಾರ ಹೊರುತ್ತದೆ, ಆ ನೀರು ಜಿನುಗಿ ಹೋದಂತೆ ನೆಲ ಕುಸಿಯುತ್ತದೆ ಎಂಬುದನ್ನು ಗಣಿತಕ್ಕೆ ತಂದವರು ಕಾರ್ಲ್ ಟೆರ್ಜಾಗಿ. 1925ರಲ್ಲಿ ಬಂದ ಅವರ ಪುಸ್ತಕದಿಂದ ಜಿಯೋಟೆಕ್ನಿಕಲ್ ಶಾಖೆ ಬೇರು ಬಿಟ್ಟಿತು. ಉತ್ತರ ಕರ್ನಾಟಕದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಗೋಡೆ ಸೀಳುವುದು, ಮೆಟ್ರೋ ಸುರಂಗ ಕೊರೆಯುವ ಯಂತ್ರಕ್ಕೆ ಬೆಂಗಳೂರಿನಲ್ಲಿ ಒಂದೇ ಸಲಕ್ಕೆ ಮೆತ್ತನೆ ಮಣ್ಣೂ ಗಟ್ಟಿ ಬಂಡೆಯೂ ಸಿಗುವುದು ಈ ಶಾಖೆಯ ತಲೆನೋವುಗಳು. 2025ರ ಜೂನಿನಲ್ಲಿ ತೆರೆದ ಜಮ್ಮು ಮತ್ತು ಕಾಶ್ಮೀರದ ಚೆನಾಬ್ ರೈಲು ಸೇತುವೆ ನದಿಯಿಂದ 359 ಮೀಟರ್ ಮೇಲಿದೆ. ಅದರ ಕಮಾನಿಗೆ ಆಸರೆಯಾದ, ಬಿರುಕುಬಿಟ್ಟ ಬಂಡೆಯ ಇಳಿಜಾರನ್ನು ಭದ್ರಪಡಿಸುವ ಕೆಲಸದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಹತ್ತಕ್ಕೂ ಹೆಚ್ಚು ವರ್ಷ ಸಲಹೆಗಾರರಾಗಿದ್ದರು.

ಭಾರ, ಗಾಳಿ, ಭೂಕಂಪಗಳಿಗೆ ಕಟ್ಟಡ ಹೇಗೆ ಸ್ಪಂದಿಸುತ್ತದೆ ಎಂದು ನೋಡುವವರು ಸ್ಟ್ರಕ್ಚರಲ್ ಶಾಖೆಯವರು. ವಾಹನಗಳ ದಟ್ಟಣೆ, ಡಾಂಬರಿನ ಬಾಳಿಕೆ ಸಾರಿಗೆಯವರದು. ವೇಳಾಪಟ್ಟಿ, ವೆಚ್ಚ, ಕರಾರು ನಿರ್ಮಾಣ ನಿರ್ವಹಣೆಯವರದು.

ಕೊಳೆಗೊಂದು ಅಳತೆ

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80 ಭಾಗ ಚರಂಡಿ ಸೇರುತ್ತದೆಂದು ವಿನ್ಯಾಸಕಾರರು ಲೆಕ್ಕ ಹಿಡಿಯುತ್ತಾರೆ. ಪರಿಸರ ಎಂಜಿನಿಯರ್ ಪಾತ್ರ ಹಿರಿದಾಗುವುದು ಇಲ್ಲಿಂದ. ಅವರ ಪ್ರಯೋಗಾಲಯದಲ್ಲಿ ದಿನವೂ ನಡೆಯುವ ಪರೀಕ್ಷೆ ಬಿಓಡಿ: ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬುದರ ಅಳತೆ.

ನೀರು ಬೆರೆಸಿ ತೆಳುವಾಗಿಸಿದ ಮಾದರಿಯನ್ನು 300 ಮಿಲಿಲೀಟರ್ ಸೀಸೆಗಳಿಗೆ ಗಾಳಿಗುಳ್ಳೆ ಉಳಿಯದಂತೆ ತುಂಬುತ್ತಾರೆ. ಒಂದನ್ನು ಆಗಲೇ ಪರೀಕ್ಷಿಸಿ, ಇನ್ನೊಂದನ್ನು ಕತ್ತಲಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಡುತ್ತಾರೆ. ಹಲವು ದೇಶಗಳಲ್ಲಿ ಇದು 20 ಡಿಗ್ರಿ, ಐದು ದಿನ. ನಮ್ಮ ಸೆಕೆಗೆ ತಕ್ಕಂತೆ ಭಾರತದಲ್ಲಿ ಈ ಮಾರ್ಪಾಡು. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಬೆರೆಸಿದಾಗ ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಆಮ್ಲ ಹಾಕಿದರೆ ಗಸಿ ಕರಗಿ ಹೊಂಬಣ್ಣ, ಸ್ಟಾರ್ಚ್ ಸೇರಿಸಿದರೆ ಕಡು ನೀಲಿ. ಆ ನೀಲಿ ಮಾಯವಾಗುವವರೆಗೆ ಥಯೋಸಲ್ಫೇಟ್ ತೊಟ್ಟಿಕ್ಕಿಸಿ ಆಮ್ಲಜನಕದ ಲೆಕ್ಕ ತೆಗೆಯುತ್ತಾರೆ. ಮೊದಲ ದಿನದ, ಮೂರು ದಿನ ಕಳೆದ ಮೇಲಿನ ಅಂಕಿಗಳ ಅಂತರವನ್ನು ಮಾದರಿ ಎಷ್ಟು ಪಟ್ಟು ತೆಳುವಾಗಿತ್ತೋ ಅಷ್ಟರಿಂದ ಗುಣಿಸಿದರೆ ಸಿಗುವುದೇ ಕೊಳೆಯ ಅಳತೆ. ಮನೆಗಳ ಕೊಳಚೆಯಲ್ಲಿ ಅದು ಲೀಟರಿಗೆ ಸಾಮಾನ್ಯವಾಗಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಒಳ್ಳೆಯ ಘಟಕ ಅದನ್ನು 10ರ ಮಟ್ಟಕ್ಕೆ ಇಳಿಸಬಲ್ಲದು.

ಇಳಿಸುವ ವಿಧಾನಕ್ಕೆ ನೂರು ವರ್ಷ ದಾಟಿದೆ. ಕೊಳಚೆಗೆ ಗಾಳಿ ಊದಿ, ಬ್ಯಾಕ್ಟೀರಿಯ ತುಂಬಿದ ಕೆಸರನ್ನು ಹೊರಚೆಲ್ಲದೆ ಮತ್ತೆ ಮತ್ತೆ ಬಳಸುವ ಪದ್ಧತಿಯನ್ನು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದರು. ಆದ್ದರಿಂದ ಈ ಶಾಖೆಯಲ್ಲಿ ಸೂಕ್ಷ್ಮಾಣುಜೀವಿ ಶಾಸ್ತ್ರ ಬಾರದೆ ಗತಿಯಿಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಚರಂಡಿ ನೀರಿನಲ್ಲೇ ವೈರಾಣುವಿನ ಏರಿಳಿತವನ್ನು ಗಮನಿಸಲಾಯಿತು.

ಕೋಲಾರದಲ್ಲಿ ಎಲ್ಲರೂ ಎದುರಾದರು

ಕೋರಮಂಗಲ–ಚಲ್ಲಘಟ್ಟ ಕಣಿವೆಯ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿ ಅಂತರ್ಜಲ ಏರಿಸುವುದು ಕೆಸಿ ವ್ಯಾಲಿ ಯೋಜನೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆಯೂ ಎದ್ದಿತು. ವಿವಾದ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಎರಡು ಹಂತದ ಸಂಸ್ಕರಣೆ ಸಾಕೋ, ಮೂರನೆಯದೂ ಬೇಕೋ ಎಂಬುದು ಸಂಸ್ಕರಣಾ ತಜ್ಞರ ಪ್ರಶ್ನೆ. ಕಗ್ಗಲ್ಲಿನ ಬಿರುಕುಗಳಲ್ಲಿ ಆ ನೀರು ಯಾವ ಕಡೆ, ಎಷ್ಟು ಬೇಗ ಇಳಿಯುತ್ತದೆ ಎಂಬುದು ಅಂತರ್ಜಲ ತಜ್ಞರ ಪ್ರಶ್ನೆ. ಆ ನೀರಿನಲ್ಲಿ ಇರಬಹುದಾದ ಭಾರಲೋಹಗಳನ್ನು ಮಣ್ಣು ಎಷ್ಟು ಕಾಲ ಹಿಡಿದಿಡುತ್ತದೆ ಎಂಬುದು ಮಣ್ಣಿನ ರಸಾಯನ ಬಲ್ಲವರದು. ಬತ್ತಿದ ಕೊಳವೆಬಾವಿಯಲ್ಲಿ ನೀರು ಕಂಡ ರೈತನ ಲಾಭವನ್ನು ಇವೆಲ್ಲದರ ಜೊತೆ ತೂಗಬೇಕು. ಯಾವ ಒಂದು ಶಾಖೆಯ ಉತ್ತರವೂ ಇಲ್ಲಿ ಪೂರ್ತಿಯಲ್ಲ.

ಓದು, ಉದ್ಯೋಗ

ಬಿಇ ನಂತರ ಎಂ.ಟೆಕ್‌ಗೆ ಗೇಟ್ ಪರೀಕ್ಷೆಯೇ ಹೆಬ್ಬಾಗಿಲು. ಅದರ ಅಂಕ ಮೂರು ವರ್ಷ ಚಲಾವಣೆಯಲ್ಲಿರುತ್ತದೆ. 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯಿದೆ. ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸಮುದ್ರ ಎಂಜಿನಿಯರಿಂಗ್ ಕೂಡ ಕಲಿಸುವ ಸುರತ್ಕಲ್ಲಿನ ಎನ್‌ಐಟಿಕೆ, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ), ಪುಣೆ ಬಳಿಯ ಖಡಕವಾಸಲದ ಜಲ ಸಂಶೋಧನಾ ಕೇಂದ್ರ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಗಳಿವೆ. ಅಣೆಕಟ್ಟಿನ ಪುಟ್ಟ ಮಾದರಿ ಕಟ್ಟಿ ನೀರು ಹರಿಸಿ ನೋಡುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಕೃಷ್ಣರಾಜಸಾಗರದಲ್ಲೇ ಇದೆ. ಸರ್ಕಾರಿ ನೌಕರಿ ಬಯಸುವವರಿಗೆ ಲೋಕೋಪಯೋಗಿ ಇಲಾಖೆ, ನೀರಾವರಿ ನಿಗಮಗಳು, ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ ಇವೆ. ಖಾಸಗಿ ವಲಯದಲ್ಲಿ ವಿನ್ಯಾಸ ಸಂಸ್ಥೆಗಳು, ಮೆಟ್ರೋ ಗುತ್ತಿಗೆಗಳು, ಅಪಾರ್ಟ್‌ಮೆಂಟುಗಳ ಸಂಸ್ಕರಣಾ ಘಟಕಗಳು, 2006ರ ಅಧಿಸೂಚನೆಯಡಿ ಪರಿಸರ ಪರಿಣಾಮ ವರದಿ ತಯಾರಿಸುವ ಸಲಹಾ ಕಂಪನಿಗಳು ಕೆಲಸ ಕೊಡುತ್ತವೆ.

ಎಂ.ಟೆಕ್‌ಗೆ ಸೇರುವವರು ತಮ್ಮ ಶಾಖೆಯನ್ನು ಆಳವಾಗಿ ಓದುವುದರ ಜೊತೆಗೆ ಐಚ್ಛಿಕ ವಿಷಯವೊಂದನ್ನು ಪಕ್ಕದ ಶಾಖೆಯಿಂದ ಆರಿಸಿಕೊಳ್ಳಲಿ. ಸಂಸ್ಕರಣೆ ಕಲಿಯುವವರಿಗೆ ಅಂತರ್ಜಲ, ಸ್ಟ್ರಕ್ಚರಲ್‌ನವರಿಗೆ ಮಣ್ಣು. ಕೆಸಿ ವ್ಯಾಲಿಯಂಥ ಯೋಜನೆಯಲ್ಲಿ ತನ್ನ ಅಂಕಿಯನ್ನು ಇನ್ನೊಂದು ಶಾಖೆಯವರಿಗೆ ಅರ್ಥವಾಗುವಂತೆ ಹೇಳಬಲ್ಲ ಎಂಜಿನಿಯರ್ ಬೇಕು. ಅಂಥವರನ್ನು ತಯಾರು ಮಾಡುವುದು ಆ ಒಂದು ಐಚ್ಛಿಕ ವಿಷಯವೇ.