ಚಳಿಗಾಲದ ಹಿತ್ತಿಲಿಗೆ ಬರುವ ದೂರದ ನೆಂಟರು

ದೀಪಾವಳಿ ಕಳೆದು ಚಳಿ ಬಲಿಯಿತೆಂದರೆ ಬೀದರಿನಲ್ಲಿ ಹೊತ್ತು ಏರಿದ ಮೇಲೂ ಜನ ಶಾಲು ಹೊದ್ದು ಬಿಸಿಲು ಕಾಯಿಸುತ್ತ ಕೂರುತ್ತಾರೆ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಈ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಚಳಿ ಕಡಿಮೆಯದಲ್ಲ. ಆದರೆ ಸೋಜಿಗ ನೋಡಿ, ನಮ್ಮನ್ನು ನಡುಗಿಸುವ ಇದೇ ಚಳಿ ಹಿಮಾಲಯ, ಟಿಬೆಟ್, ಮಧ್ಯ ಏಷ್ಯಗಳ ಹಕ್ಕಿಗಳಿಗೆ ಬೆಚ್ಚನೆಯ ಕಾಲ! ಅಲ್ಲಿ ನೆಲ ಹೆಪ್ಪುಗಟ್ಟಿದಾಗ ಅವು ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಹೊಲ, ಕೆರೆ, ಹಿತ್ತಿಲುಗಳಿಗೆ ಬಂದಿಳಿಯುತ್ತವೆ.

ಹಿತ್ತಿಲಿನಲ್ಲಿ ಹಿಡಿ ಜೋಳ ಚೆಲ್ಲಿ ಕಾದರೆ ಈ ನೆಂಟರು ಕಾಣಿಸುವರೇ? ಬರುವುದು ಗುಬ್ಬಿ, ಬೆಳವ, ಗೊರವಂಕಗಳೇ. ಅಪರೂಪದ ಹಕ್ಕಿ ನಮ್ಮ ಮನೆಗೆ ಬರುವುದೇ ಇಲ್ಲವೆಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ತಪ್ಪು ಹಕ್ಕಿಯದಲ್ಲ, ಊಟದ್ದು.

ಕೊಕ್ಕು ಹೇಳುವ ಕಥೆ

ಹಕ್ಕಿಯ ಊಟ ಯಾವುದೆಂಬುದನ್ನು ಅದರ ಕೊಕ್ಕೇ ಹೇಳುತ್ತದೆ. ಗುಬ್ಬಿ, ರಾಟವಾಳಗಳ ಮೋಟು ಕೊಕ್ಕು ಕಾಳು ಒಡೆಯಲು ತಕ್ಕುದು. ಸೂಜಿಯಂಥ ಸಪುರ ಕೊಕ್ಕು ಹುಳು ಹೆಕ್ಕಲು ತಕ್ಕುದು. ಚಳಿಗಾಲದಲ್ಲಿ ನಮ್ಮ ಹಿತ್ತಿಲಿಗೆ ಬರುವ ದೂರದ ಹಕ್ಕಿಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. ಬ್ರಿಟನ್, ಅಮೆರಿಕಗಳಲ್ಲಿ ಹಿಮ ಬಿದ್ದು ಹುಳುಗಳೇ ಸಿಗದಾದಾಗ ಮನೆಯವರು ತೂಗುಹಾಕುವ ಕಾಳು, ಕೊಬ್ಬಿನ ಉಂಡೆಗಳಿಗೆ ಹಕ್ಕಿಗಳು ಮುತ್ತುತ್ತವೆ. ಹಿಂದೆ ದಕ್ಷಿಣಕ್ಕೆ ವಲಸೆ ಹೋಗುತ್ತಿದ್ದ ಮಧ್ಯ ಯೂರೋಪಿನ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳಲ್ಲಿ ಒಂದು ಪಾಲು 1960ರ ದಶಕದಿಂದೀಚೆಗೆ ಬ್ರಿಟನ್ನಿನ ಕೈತೋಟಗಳಲ್ಲೇ ಚಳಿಗಾಲ ಕಳೆಯುತ್ತಿದೆ. ನಮ್ಮಲ್ಲಿ ಹಾಗಲ್ಲ. ಮಳೆಗಾಲ ಮುಗಿದ ನೆಲದಲ್ಲಿ ಚಳಿಯಲ್ಲೂ ಹುಳುಹುಪ್ಪಟೆಗೆ ಬರವಿಲ್ಲ. ಅದನ್ನು ಅರಸಿಯೇ ಈ ಹಕ್ಕಿಗಳು ಬರುತ್ತವೆ.

ಯಾರು ಈ ಅತಿಥಿಗಳು?

ಮೊದಲು ಕಣ್ಣಿಗೆ ಬೀಳುವುದು ಕರಿ ಕೆಂಬಾಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಹೆಸರು ಬ್ಲ್ಯಾಕ್ ರೆಡ್‌ಸ್ಟಾರ್ಟ್. ಗಂಡಿನ ತಲೆ, ಎದೆ ಕಪ್ಪು. ಹೊಟ್ಟೆ, ಬಾಲ ಇಟ್ಟಿಗೆಗೆಂಪು. ಹೆಣ್ಣು ಮಾಸಲು ಕಂದು. ಕಾಂಪೌಂಡ್ ಗೋಡೆಯ ಮೇಲೆ ಕುಳಿತು ತಲೆ ಬಾಗಿಸಿ, ಬಾಲವನ್ನು ನಡುಕ ಹಿಡಿದಂತೆ ಅದುರಿಸುತ್ತದೆ. ಇದನ್ನು ನಮ್ಮ ಚಿಟ್ಟು ಮಡಿವಾಳವೆಂದು ತಿಳಿಯುವವರೇ ಹೆಚ್ಚು. ಚಿಟ್ಟು ಮಡಿವಾಳ ಬಾಲವನ್ನು ಸೆಟೆದು ಮೇಲೆತ್ತುತ್ತದೆ, ಅದುರಿಸುವುದಿಲ್ಲ. ಅದರ ಹೊಟ್ಟೆಯೂ ಕೆಂಪಲ್ಲ, ಬಾಲದ ಬುಡದಡಿ ಮಾತ್ರ ಕೆಂಪು. ಇಷ್ಟು ಗೊತ್ತಿದ್ದರೆ ಸಾಕು, ಬೀದರಿನ ಹಳೇ ಓಣಿಯಲ್ಲೇ ಹಿಮಾಲಯದಾಚೆಯ ಹಕ್ಕಿ ಗುರುತಿಗೆ ಸಿಗುತ್ತದೆ.

ಬೇವಿನ ಮರದ ನೆರಳಿನಲ್ಲಿ ಗುಬ್ಬಿಗಿಂತ ಚಿಕ್ಕದಾದ ಕೆಂಗೊರಳ ನೊಣಹಿಡುಕ ಕಾಣಬಹುದು. ಬೆಳೆದ ಗಂಡಿನ ಗಂಟಲು ಕಿತ್ತಳೆಗೆಂಪು. ಬಾಲ ಮೇಲೆತ್ತಿದಾಗ ಬುಡದ ಎರಡು ಬದಿಗೂ ಬಿಳಿ ಮಚ್ಚೆ ಮಿಂಚುತ್ತದೆ. ಇದು ಪೂರ್ವ ಯೂರೋಪು, ರಷ್ಯದ ಕಾಡುಗಳಿಂದ ಬರುತ್ತದೆ. ದಾಸವಾಳದ ಪೊದೆಯೊಳಗಿಂದ ನಾಲಿಗೆ ಲೊಟಗುಟ್ಟಿದಂತೆ 'ಚಕ್, ಚಕ್' ಸದ್ದು ಕೇಳಿದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಕಂದು ಉಲಿಯಕ್ಕಿಯಾಗಿರಬಹುದು. ಬಚ್ಚಲ ನೀರು ಹರಿಯುವಲ್ಲಿ ಬಾಲ ಕುಣಿಸುವ ಸಿಪಿಲೆಗಳು ಸಿಗುತ್ತವೆ. ಕೋಟೆಯ ಗೋಡೆ, ಕಲ್ಲುಗಣಿಗಳಂಥ ಜಾಗದಲ್ಲಿ ನೀಲಿ ಬಂಡೆ ಸಿಳ್ಳಾರ ಹೆಚ್ಚಾಗಿ ಒಂಟಿಯಾಗಿಯೇ ಕುಳಿತಿರುತ್ತದೆ.

ಜೋಳ ತಿನ್ನುವ ಗುಂಪು

ಈ ನೆಂಟರಲ್ಲಿ ಗದ್ದಲದವು ಗುಲಾಬಿ ಕಬ್ಬಕ್ಕಿಗಳು. ತಲೆ, ರೆಕ್ಕೆ ಕಪ್ಪು, ಮೈ ತಿಳಿ ಗುಲಾಬಿ. ಗಡಿನಾಡಾದ ಭಾಲ್ಕಿ, ಔರಾದ ತಾಲ್ಲೂಕುಗಳ ಮರಾಠಿ ಬಲ್ಲವರಿಗೆ ಇದು 'ಭೋರಡಿ' ಇಲ್ಲವೆ 'ಪಳಸ ಮೈನಾ'. ಮುತ್ತುಗದ ಹೂವರಳಿದಾಗ ಮಕರಂದಕ್ಕೆ ಮುತ್ತುವುದರಿಂದ ಈ ಎರಡನೆಯ ಹೆಸರು. ಆಲ, ಅರಳಿ, ಅತ್ತಿಯ ಹಣ್ಣೂ ಇವಕ್ಕೆ ಪ್ರಿಯ. ಹಿಂಗಾರಿ ಜೋಳ ಹಾಲುಗಟ್ಟುವ ಹೊತ್ತಿಗೆ ನೂರಾರು ಹಕ್ಕಿಗಳು ಒಮ್ಮೆಲೇ ತೆನೆಯ ಮೇಲೆರಗುತ್ತವೆ. ರೈತ ಅಟ್ಟಣಿಗೆ ಏರಿ, ಕವಣೆ ಬೀಸಿ, ಡಬ್ಬಿ ಬಾರಿಸಿ ಓಡಿಸುತ್ತಾನೆ. ಅವನ ಸಿಟ್ಟು ಸುಳ್ಳಲ್ಲ.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಇದೇ ಹಕ್ಕಿ ಮಧ್ಯ ಏಷ್ಯದ ಹುಲ್ಲುಗಾವಲಿನಲ್ಲಿ ಮರಿ ಮಾಡುವಾಗ ಮಿಡತೆಗಳನ್ನು ರಾಶಿರಾಶಿ ತಿನ್ನುತ್ತದೆ. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದಲ್ಲಿ 1980ರ ದಶಕದಿಂದ ಈ ಹಕ್ಕಿಗಾಗಿಯೇ ಕಲ್ಲಿನ ಗೂಡು ಕಟ್ಟಿ, ಮಿಡತೆ ಹತೋಟಿಗೆ ಅದನ್ನು ಕರೆಸಿಕೊಳ್ಳುತ್ತಾರೆ. 2020ರ ಮೇ ತಿಂಗಳಲ್ಲಿ ಮಿಡತೆ ದಂಡು ಮಹಾರಾಷ್ಟ್ರದ ವಿದರ್ಭದವರೆಗೆ ಬಂದಾಗ ಬೀದರ್ ಜಿಲ್ಲೆಯಲ್ಲೂ ಕಟ್ಟೆಚ್ಚರ ವಹಿಸಲಾಗಿತ್ತು. ನಮ್ಮ ಜೋಳದಲ್ಲಿ ಪಾಲು ಕೇಳುವ ಹಕ್ಕಿ ಬೇರೆಡೆ ಬೆಳೆಯ ಕಾವಲುಗಾರನೂ ಹೌದೆಂಬುದನ್ನು ಮರೆಯಬಾರದು.

ಹಿತ್ತಿಲು ಉಳಿದರೆ

ಹಕ್ಕಿಗೆ ಉಣಿಸುವುದು ಈ ನೆಲಕ್ಕೆ ಹೊಸತಲ್ಲ. ಎಳ್ಳಮಾವಾಸ್ಯೆಯಂದು ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂತಾಯಿಗೆ ಚರಗ ಚೆಲ್ಲುವುದು ಇಲ್ಲಿನ ಸಂಪ್ರದಾಯ. ಆ ತುತ್ತು ಕೊನೆಗೆ ಸೇರುವುದು ಹಕ್ಕಿ, ಹುಳುಗಳ ಹೊಟ್ಟೆಯನ್ನೇ. ಆದರೆ ಇಂದು ಜೋಳದ ಹೊಲಗಳು ಕಡಿಮೆಯಾಗಿ ಸೋಯಾಬೀನ್, ಕಬ್ಬು ಹಬ್ಬಿವೆ. ಊರೊಳಗಿನ ಹಿತ್ತಿಲುಗಳಿಗೆ ಸಿಮೆಂಟು, ಫರಸಿ ಬಿದ್ದಿದೆ. ಹುಳುವಿಲ್ಲದ ಅಂಗಳಕ್ಕೆ ಕೆಂಬಾಲವೂ ಬಾರದು.

ಮಾಡಬೇಕಾದ್ದು ದೊಡ್ಡದೇನಲ್ಲ. ಹಿತ್ತಿಲಿನ ಒಂದು ಮೂಲೆಯನ್ನು ಗುಡಿಸದೆ ಬಿಡಿ. ತರಗೆಲೆಯ ಅಡಿಯಲ್ಲೇ ಹುಳುಗಳ ಸಂಸಾರ. ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲ ನೀರು ತುಂಬಿ, ನಡುವೆ ಒಂದು ಕಲ್ಲಿಟ್ಟು, ಬೆಕ್ಕಿಗೆ ಎಟುಕದಂತೆ ಇರಿಸಿ. ಕಾಳಿಗೆ ಒಲಿಯದ ಹಕ್ಕಿಯೂ ನೀರಿಗೆ ಬರುತ್ತದೆ. ಆದರೆ ತಟ್ಟೆಯನ್ನು ದಿನವೂ ತೊಳೆಯಲೇಬೇಕು. 2005ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡು, ಮುಂದೆ ಗ್ರೀನ್‌ಫಿಂಚ್ ಹಕ್ಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡ ಗಂಟಲ ರೋಗ ಹರಡಿದ್ದು ಹಕ್ಕಿಗಳು ಕೂಡಿ ತಿನ್ನುವ, ಕುಡಿಯುವ ತಾಣಗಳಲ್ಲೇ.

ಕಂಡದ್ದನ್ನು ಬರೆದಿಡುವುದೂ ಮುಖ್ಯ. ಬೀದರ್ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1931-32ರಲ್ಲಿ, ಸಲೀಂ ಅಲಿ ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ್ದರು. ಇಂದು ಆ ಕೆಲಸಕ್ಕೆ ಶಾಲೆಯ ಮಕ್ಕಳೂ ಕೈಜೋಡಿಸಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಿತ್ತಿಲ ಹಕ್ಕಿ ಎಣಿಕೆಯಲ್ಲಿ ಭಾರತ 2013ರಿಂದ ಭಾಗವಹಿಸುತ್ತಿದೆ. ಹದಿನೈದು ನಿಮಿಷ ಒಂದೆಡೆ ಕುಳಿತು, ಕಂಡ ಹಕ್ಕಿಯ ಹೆಸರು, ಸಂಖ್ಯೆ, ತಾರೀಖು ಗುರುತು ಮಾಡಿದರಾಯಿತು. ಔರಾದದ ಒಂದು ಮನೆಯ ಹಿತ್ತಿಲಿಗೆ ಕೆಂಬಾಲ ಯಾವ ದಿನ ಬಂತು, ಯಾವ ದಿನ ಹೊರಟಿತು ಎಂಬ ಟಿಪ್ಪಣಿ ನಾಲ್ಕಾರು ವರ್ಷ ಸೇರಿದರೆ ಅದೇ ವಿಜ್ಞಾನ.

ಏಪ್ರಿಲ್ ಬಿಸಿಲೇರುವ ಹೊತ್ತಿಗೆ ಈ ನೆಂಟರು ಉತ್ತರಕ್ಕೆ ಹೊರಟುಬಿಡುತ್ತಾರೆ. ಬರುವ ಚಳಿಗಾಲಕ್ಕೆ ಮರಳಿದಾಗ ಅವರಿಗೆ ಒಂದಿಷ್ಟು ನೀರು, ಒಂದಿಷ್ಟು ಬರಿಯ ಮಣ್ಣು ಉಳಿಸಿಡುವುದು ಮನೆಯವರ ಕೈಯಲ್ಲೇ ಇದೆ.