ಒಂದು ನದಿ, ಎರಡು ಬೇಡಿಕೆ

ಶಿವನಸಮುದ್ರದ ಬಳಿ ಕಾವೇರಿಯು ಎರಡು ಕವಲಾಗಿ ಒಡೆದು, ಗಗನಚುಕ್ಕಿ, ಭರಚುಕ್ಕಿಗಳೆಂಬ ಜಲಪಾತಗಳಾಗಿ ಧುಮುಕುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಬರುವ ಪ್ರವಾಸಿಗರು ನೊರೆನೀರಿನ ವೈಭವವನ್ನು ಕಂಡು ಹಿಂದಿರುಗುತ್ತಾರೆ. ಕಮರಿಯ ತಳದಲ್ಲಿರುವ ವಿದ್ಯುದಾಗಾರದ ಕಡೆಗೆ ದೃಷ್ಟಿ ಹಾಯಿಸುವವರು ವಿರಳ. ಮಳವಳ್ಳಿಯ ಸುತ್ತಲಿನ ಜನ ಆ ಸ್ಥಳವನ್ನು 'ಬ್ಲಫ್' ಎಂದೇ ಕರೆಯುತ್ತಾರೆ. ಒಂದಕ್ಕೊಂದು ವಿರುದ್ಧವೆಂದು ತೋರುವ ಬೇಡಿಕೆಗಳನ್ನು ಎದುರಿಗಿಟ್ಟುಕೊಂಡು, ಯಾವುದನ್ನೂ ಬಲಿಗೊಡದೆ ಪರಿಹಾರವನ್ನು ಹುಡುಕುವ ಬಗೆ ಹೇಗಿರುತ್ತದೆಂಬುದಕ್ಕೆ ಈ ವಿದ್ಯುದಾಗಾರದ ಚರಿತ್ರೆಯೇ ಒಳ್ಳೆಯ ನಿದರ್ಶನ.

ಇಂತಹ ಆಲೋಚನೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ವಿದುಷಿ ಮೊದಲಿಗರು. 1925ರಲ್ಲಿ ನೀಡಿದ ಒಂದು ಉಪನ್ಯಾಸದಲ್ಲಿ ಆಕೆ ಒಂದು ಸಣ್ಣ ಪ್ರಸಂಗವನ್ನು ಹೇಳಿದರು. ಗ್ರಂಥಾಲಯದ ಕೊಠಡಿಯೊಂದರಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೊಠಡಿಯ ಕಿಟಕಿಯನ್ನು ತೆರೆದರು. ಒಬ್ಬರಿಗೆ ಬೇಕಾಗಿದ್ದುದು ತಾಜಾ ಗಾಳಿಯೇ ಹೊರತು ಆ ಕಿಟಕಿಯಲ್ಲ. ಇನ್ನೊಬ್ಬರಿಗೆ ಬೇಡವಾಗಿದ್ದುದು ಮೈಮೇಲೆ ನೇರವಾಗಿ ಬೀಸುವ ಕುಳಿರ್ಗಾಳಿ ಮಾತ್ರ. ಕಿಟಕಿಯನ್ನು ಅರ್ಧ ತೆರೆದಿದ್ದರೆ ಅದು ರಾಜಿಯಾಗುತ್ತಿತ್ತು. ಇಬ್ಬರಿಗೂ ಅರೆತೃಪ್ತಿಯೇ ಉಳಿಯುತ್ತಿತ್ತು. ಫಾಲೆಟ್ ತೋರಿಸಿದ ಮಾರ್ಗವನ್ನು ಕನ್ನಡದಲ್ಲಿ ಸಮನ್ವಯವೆನ್ನಬಹುದು. ಆದರೆ ಆಕೆ ಇದನ್ನು ಹೇಳುವುದಕ್ಕೂ ಮೊದಲೇ ಮೈಸೂರು ಸಂಸ್ಥಾನದಲ್ಲಿ ಇಂತಹ ಕೆಲಸವೊಂದು ನಡೆದಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಕಲ್ಲಿದ್ದಲು ಬಹುದೂರದಿಂದ ಬರಬೇಕಾಗಿತ್ತು; ಸೌದೆಗಾಗಿ ಕಾಡು ಬರಿದಾಗುತ್ತಿತ್ತು. ಶಕ್ತಿಯ ಆಕರವು ಶಿವನಸಮುದ್ರದಲ್ಲಿ, ಅದರ ಅಗತ್ಯವು 92 ಮೈಲಿ ದೂರದ ಕೋಲಾರದಲ್ಲಿ. ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು, ಎಂಜಿನಿಯರ್ ಲೋಟ್‌ಬಿನಿಯರ್ ಅವರ ನೆರವಿನಿಂದ, ಆ ದೂರವನ್ನು ತಂತಿಯ ಮೂಲಕ ದಾಟಿಸುವ ಸಾಹಸಕ್ಕೆ ಕೈಹಾಕಿದರು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಅನುಭವ ಆಗ ಜಗತ್ತಿನಲ್ಲಿಯೇ ಅತ್ಯಲ್ಪವಾಗಿತ್ತು. ಅಮೆರಿಕ, ಸ್ವಿಟ್ಜರ್‌ಲೆಂಡ್‌ಗಳಿಂದ ಬಂದ ಯಂತ್ರಭಾಗಗಳನ್ನು ಮದ್ದೂರು ರೈಲು ನಿಲ್ದಾಣದಿಂದ ಗಾಡಿಗಳ ಮೇಲೆ, ಆನೆಗಳ ಸಹಾಯದಿಂದ ಸಾಗಿಸಲಾಯಿತು. 1902ರ ಜೂನ್ ತಿಂಗಳಲ್ಲಿ ಗಣಿಗಳಿಗೆ ವಿದ್ಯುತ್ ತಲುಪಿತು. ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿಯೇ ನಿಧನ ಹೊಂದಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಇಲ್ಲಿಂದಲೇ ಬೆಳಕು ಹರಿಯಿತು.

ನಿಜವಾದ ತೊಡಕು ಆ ಬಳಿಕ ತಲೆದೋರಿತು. ಮುಂಗಾರಿನಲ್ಲಿ ಉಕ್ಕಿ ಹರಿಯುವ ಕಾವೇರಿ ಬೇಸಗೆಯಲ್ಲಿ ಸೊರಗುತ್ತಾಳೆ. ಗಣಿಗೆ ಋತುಭೇದವಿಲ್ಲ. ಸಾವಿರಾರು ಅಡಿ ಆಳಕ್ಕೆ ಮನುಷ್ಯರನ್ನು ಇಳಿಸಿ ಏರಿಸುವ ಕಾರ್ಯಕ್ಕೆ ಶಕ್ತಿಯ ಪೂರೈಕೆ ತಪ್ಪುವಂತಿಲ್ಲ. ಆದುದರಿಂದ ನೀರನ್ನು ಸಂಗ್ರಹಿಸಿ ಬೇಸಗೆಯಲ್ಲಿ ಬಿಡಬೇಕೆಂಬುದು ವಿದ್ಯುಚ್ಛಕ್ತಿಯ ಕಡೆಯವರ ಬೇಡಿಕೆ. ಇತ್ತ ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತರದು ಬೇರೆಯೇ ಸಂಕಟ. ನದಿ ತಗ್ಗಿನಲ್ಲಿ ಹರಿಯುತ್ತಿದ್ದರೂ ಅವರ ಎತ್ತರದ ಹೊಲಗಳಿಗೆ ಅದರ ನೀರು ದಕ್ಕುತ್ತಿರಲಿಲ್ಲ. ಮಳೆ ಬಂದರೆ ರಾಗಿ, ಕೆರೆ ತುಂಬಿದರೆ ಭತ್ತ. 1876-78ರ ಮಹಾಕ್ಷಾಮದಲ್ಲಿ ಸಂಸ್ಥಾನದ ಲಕ್ಷಾಂತರ ಜನರು ಮಡಿದುದನ್ನು ಆ ತಲೆಮಾರು ಮರೆತಿರಲಿಲ್ಲ. ನಾಲೆಗೆ ತಿರುಗಿದ ನೀರು ಶಿವನಸಮುದ್ರದ ಯಂತ್ರಗಳನ್ನು ತಿರುಗಿಸದು. ಯಂತ್ರಗಳಿಗೆಂದು ಬಿಟ್ಟ ನೀರು ಈ ಹೊಲಗಳನ್ನು ತಣಿಸದು. ಹಾಗಾದರೆ ಯಾರಿಗೆ ಕೊಡುವುದು?

1909ರಲ್ಲಿ ಮುಖ್ಯ ಎಂಜಿನಿಯರರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಪ್ರಶ್ನೆಯನ್ನು ಆ ರೂಪದಲ್ಲಿ ಒಪ್ಪಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಇಬ್ಬರಿಗೂ ಬೇಡವಾಗಿ ಸಮುದ್ರದತ್ತ ಹರಿದುಹೋಗುವ ಪ್ರವಾಹದ ಕಡೆಗೆ ಅವರ ದೃಷ್ಟಿ ಹೊರಳಿತು. ಶಿವನಸಮುದ್ರದಿಂದ ಬಹುದೂರ ಮೇಲೆ, ಕನ್ನಂಬಾಡಿಯಲ್ಲಿ, ವಿದ್ಯುತ್ತಿಗೆ ಸಾಕಾಗುವಷ್ಟು ಚಿಕ್ಕ ಕಟ್ಟೆಗೆ ಬದಲಾಗಿ ಎರಡು ಉದ್ದೇಶಗಳಿಗೂ ಒದಗುವ ದೊಡ್ಡ ಜಲಾಶಯವನ್ನೇ ಕಟ್ಟಿದರೆ ಹೇಗೆ? ಅಣೆಕಟ್ಟಿನಿಂದ ಬಿಟ್ಟ ನೀರು ನದಿಯಲ್ಲಿಯೇ ಹರಿದು ಬೇಸಗೆಯಲ್ಲಿ ಯಂತ್ರಗಳನ್ನು ನಡೆಸುವುದು. ಮಿಕ್ಕ ಸಂಗ್ರಹವು ಎತ್ತರದ ನಾಲೆಯಲ್ಲಿ ಸಾಗಿ ಹೊಲಗಳಿಗೆ ಸೇರುವುದು. ಗಣಿಗಳು ತೆರುವ ವಿದ್ಯುತ್ತಿನ ಹಣವು ಕಟ್ಟೆಯ ವೆಚ್ಚಕ್ಕೆ ಆಸರೆಯಾಗುವುದು. ಈ ಕೊನೆಯ ಅಂಶವೇ ಯೋಜನೆಯ ಜೀವಾಳ. ನೀರಾವರಿಯೊಂದನ್ನೇ ನೆಚ್ಚಿಕೊಂಡು ಅಷ್ಟು ದೊಡ್ಡ ಸಾಲಕ್ಕೆ ಕೈಯೊಡ್ಡುವುದು ಸಂಸ್ಥಾನಕ್ಕೆ ದುಸ್ತರವಾಗಿತ್ತು.

ಅಂದಾಜು ವೆಚ್ಚ ಸುಮಾರು ಎರಡೂವರೆ ಕೋಟಿ ರೂಪಾಯಿ. ಹಣಕಾಸಿನ ಹೊಣೆ ಹೊತ್ತವರು ಹಿಂಜರಿದರು. ಅವರ ಅಂಜಿಕೆ ಅಕಾರಣವಾದುದೇನೂ ಅಲ್ಲ. ಕೊನೆಗೆ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಿಂದ 1911ರಲ್ಲಿ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ ಮಂಜೂರಾಗಿ ಕೆಲಸ ಪ್ರಾರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪಣೆಯಿಂದ ಆಗ 80 ಅಡಿಯ ಎತ್ತರಕ್ಕೆ ಮಾತ್ರ ಒಪ್ಪಿಗೆ ದೊರೆತಿತ್ತು. ಆದರೂ ಮುಂದೊಂದು ದಿನ ಕಟ್ಟೆ ಏರಲೇಬೇಕೆಂದು ತಳಪಾಯವನ್ನು ಪೂರ್ಣ ಗಾತ್ರಕ್ಕೇ ಹಾಕಲಾಯಿತು. ಅದು ದೂರದೃಷ್ಟಿಯೋ, ಜಾಣತನವೋ? ಬಹುಶಃ ಎರಡೂ ಇರಬೇಕು.

ಕಟ್ಟೆಯ ಕೆಲಸ ಮುಗಿಯಲು ಎರಡು ದಶಕಗಳೇ ಹಿಡಿದವು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದ ಮೂಲಕ ನಾಲೆಯನ್ನು ದಾಟಿಸಿದರು. ಆಗ ಇರ್ವಿನ್ ನಾಲೆಯೆನಿಸಿದ್ದ ಅದು ಇಂದು ವಿಶ್ವೇಶ್ವರಯ್ಯ ನಾಲೆ. ರಾಗಿಯ ಹೊಲಗಳಿಗೆ ಕಬ್ಬು, ಭತ್ತ ಬಂದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

ಆದರೆ ಈ ಸಮನ್ವಯದ ಲೆಕ್ಕದಲ್ಲಿ ಸೇರದೆ ಹೋದವರೂ ಉಂಟು. ಹಳೆಯ ಕನ್ನಂಬಾಡಿಯೂ ಸುತ್ತಣ ಅನೇಕ ಗ್ರಾಮಗಳೂ ನೀರಿನಲ್ಲಿ ಮುಳುಗಿದವು. ಅಲ್ಲಿನ ಜನ ಮನೆಮಠಗಳನ್ನು ತೊರೆದು ಹೋದರು. ವೇಣುಗೋಪಾಲನ ಗುಡಿಯು ದಶಕಗಳ ಕಾಲ ಜಲಾಶಯದ ಒಡಲಲ್ಲಿದ್ದು, ಬರಗಾಲದಲ್ಲಿ ನೀರಿಳಿದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಎರಡು ಬೇಡಿಕೆಗಳನ್ನು ಕೂಡಿಸುವವನು ಮೇಜಿನ ಬಳಿಗೆ ಬಾರದ ಮೂರನೆಯವನನ್ನು ಮರೆಯುವುದು ಸುಲಭ.

ಇನ್ನೊಂದು ಮಿತಿಯನ್ನೂ ಗಮನಿಸಬೇಕು. ವಿದ್ಯುದಾಗಾರವು ನೀರನ್ನು ಕುಡಿಯುವುದಿಲ್ಲ. ಅದರ ಬೀಳುವ ಬಲವನ್ನು ಮಾತ್ರ ಪಡೆದು ನದಿಗೆ ಮರಳಿಸುತ್ತದೆ. ಗದ್ದೆಯಾದರೋ ಕುಡಿದುಬಿಡುತ್ತದೆ. ಗದ್ದೆಗೂ ಯಂತ್ರಕ್ಕೂ ನಡುವೆ ಸಾಧ್ಯವಾದ ಹೊಂದಾಣಿಕೆ ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನಡುವೆ ಅಷ್ಟು ಸುಲಭವಾಗಿ ಕೂಡಿಬರದು. 1924ರಲ್ಲಿ ಮೈಸೂರು, ಮದರಾಸುಗಳ ನಡುವೆ ಒಪ್ಪಂದವಾಯಿತು. ಕೆಳಗೆ ಮೆಟ್ಟೂರಿನಲ್ಲಿಯೂ ಜಲಾಶಯವೆದ್ದಿತು. ಆದರೂ ವಿವಾದ ಮತ್ತೆ ಮತ್ತೆ ತಲೆಯೆತ್ತಿ, 1990ರಲ್ಲಿ ನ್ಯಾಯಮಂಡಳಿಯನ್ನೂ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನೂ ಕಂಡಿತು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಶಿವನಸಮುದ್ರದ ವಿದ್ಯುತ್ತು ಈಗ ರಾಜ್ಯದ ವಿದ್ಯುಜ್ಜಾಲಕ್ಕೆ ಸೇರುತ್ತದೆ. ಯಂತ್ರಗಳಿಂದ ಹೊರಬಿದ್ದ ನೀರು ಕಮರಿಯಲ್ಲಿ ಮತ್ತೆ ನದಿಯನ್ನು ಕೂಡಿಕೊಂಡು ಮೆಟ್ಟೂರಿನತ್ತ ಸಾಗುತ್ತದೆ.