ಕಲ್ಯಾಣ-ಹುಮನಾಬಾದ ಸೀಮೆಯ ಬಳಕೆಯ ಇಂಗ್ಲಿಷು ಮಾತುಗಳು

ಇಂಗ್ಲಿಷನ್ನು ಹೊಸತಾಗಿ ಕಲಿಯುವ ಬಾಲಕನಿಗೆ ಆ ಭಾಷೆಯ ಒಂದು ಮಾತೂ ತಿಳಿಯದೆಂದು ಭಾವಿಸಿಕೊಂಡೇ ನಮ್ಮ ಪಾಠಗಳು ಮೊದಲಾಗುವುವು. ಬಸವಕಲ್ಯಾಣ, ಹುಮನಾಬಾದಗಳ ಪೇಟೆಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟವರಿಗೆ ಈ ಭಾವನೆಯು ನಿಲ್ಲತಕ್ಕದ್ದಲ್ಲವೆಂದು ತೋರುವುದು. ಗಿಲಾಸು, ಬಾಟಲಿ, ತಿಕೀಟು, ಮೋಟಾರು, ಲೈಟು, ಕಟಿಂಗು, ಬೋಗಸು ಇವು ಅಲ್ಲಿ ಓದುಬರಹವಿಲ್ಲದವರ ಬಾಯಲ್ಲಿಯೂ ನಿತ್ಯ ಓಡಾಡುವ ಮಾತುಗಳು. ಆದರೆ ಶಾಲೆಯೊಳಗೆ ಇವು ಇಂಗ್ಲಿಷೆಂದೂ ಎಣಿಕೆಗೆ ಬಾರವು, ಕನ್ನಡವೆಂದೂ ಬಾರವು. ಅಪಭ್ರಷ್ಟವೆಂದು ತಿದ್ದಿ ಕೈಬಿಡುವುದೇ ವಾಡಿಕೆ. ಇದರಿಂದ ಕಲಿಯುವವನಿಗೆ ಎರಡು ನಷ್ಟಗಳುಂಟು. ತನ್ನಲ್ಲಿರುವ ಮೂಲಧನವನ್ನು ಅವನು ಕಾಣನು. ಅದರಲ್ಲಿ ಯಾವುದು ಪರದೇಶದಲ್ಲಿ ಚಲಾವಣೆಯಾಗದ ನಾಣ್ಯವೆಂಬುದನ್ನೂ ಅರಿಯನು.

ಈ ಮಾತುಗಳು ಬಂದ ದಾರಿ ಮೈಸೂರು ಸೀಮೆಯ ದಾರಿಯಲ್ಲ. ಬೀದರ ಜಿಲ್ಲೆಯು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಆ ಸಂಸ್ಥಾನದ ಕಚೇರಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಪೀಠವನ್ನು ಉರ್ದುವು ಏರಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು. ಆದಕಾರಣ ಮೈಸೂರಿನವನು 'ಆಸ್ಪತ್ರೆ'ಗೆ ಹೋದರೆ ಕಲ್ಯಾಣದವನು 'ದವಾಖಾನೆ'ಗೆ ಹೋಗುವನು; ಜಿಲ್ಲೆಯ ಅಧಿಕಾರಿಯು ಅಂದು ಕಲೆಕ್ಟರನಲ್ಲ, ಅವ್ವಲ್ ತಾಲೂಕದಾರನಾಗಿದ್ದನು. ಸೊಲ್ಲಾಪುರ-ಹೈದರಾಬಾದುಗಳ ನಡುವಣ ಹೆದ್ದಾರಿಯ ಮೇಲಿರುವ ಹುಮನಾಬಾದಕ್ಕೆ ಪಡುವಣಿಂದ ಮರಾಠಿಯ ಮೂಲಕ, ಮೂಡಣಿಂದ ಉರ್ದುವಿನ ಮೂಲಕ ಇಂಗ್ಲಿಷು ಪದಗಳು ಪ್ರಯಾಣಿಕರ ಗಂಟುಮೂಟೆಗಳೊಡನೆ ಬಂದಿಳಿದುವು. ಹುಮನಾಬಾದವನ್ನು ಹಾದುಹೋಗುವ ಬೀದರ-ಕಲಬುರಗಿ ರೈಲುಮಾರ್ಗವು ಪೂರ್ಣಗೊಂಡುದು ೨೦೧೭ರಲ್ಲಿ. ರೈಲಿನ ಮಾತುಗಳು ಮಾತ್ರ ರೈಲಿಗಿಂತ ಬಹಳ ಮೊದಲೇ ಊರನ್ನು ಸೇರಿದ್ದುವು.

ಇವುಗಳ ಉಚ್ಚಾರವನ್ನು ಅಪಭ್ರಷ್ಟವೆನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ಸಂಸ್ಕೃತ ಪದಗಳು ಕನ್ನಡವಾಗುವ ಕ್ರಮವನ್ನು ಹೇಳಲು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟನು. ಅಲ್ಲಿ ಆ ಹೆಸರು ಬೈಗಳಲ್ಲ, ಶಾಸ್ತ್ರ. 'ಶ್ರೀ' ಎಂಬುದರ ಒತ್ತಕ್ಷರವನ್ನು ಸ್ವರದಿಂದ ಸೀಳಿ 'ಸಿರಿ' ಮಾಡಿದ ನಾಲಗೆಗೆ 'ಗ್ಲಾಸ್' ಎಂಬುದು 'ಗಿಲಾಸು' ಆದುದು ಒಗ್ಗುವ ಮಾತೇ ಆಗಿದೆ. ಉರ್ದುವಿನಿಂದ ಬಂದ ರೂಪವು ಕನ್ನಡದ ಹಳೆಯ ಅಚ್ಚಿಗೆ ತಾನಾಗಿ ಹೊಂದಿಕೊಂಡಿತು. 'ಇಸ್ಕೂಲು', 'ಇಸ್ಟೇಷನ್ನು' ಎಂಬಲ್ಲಿ ಮೊದಲು ಸ್ವರ ಬರುವುದು ಉರ್ದುವಿನ ಬರವಣಿಗೆಯಲ್ಲಿಯೇ ಇದೆ. ಆದರೆ ಮೈಸೂರಿನ ಹಳ್ಳಿಗಳಲ್ಲಿಯೂ 'ಇಸ್ಕೂಲು' ಕೇಳಬರುವುದರಿಂದ ಇದನ್ನು ಉರ್ದುವಿನ ಲೆಕ್ಕಕ್ಕೇ ಬರೆಯಲಾಗದು. 'ತಿಕೀಟು', 'ಬಾಟಲಿ'ಗಳು ಮರಾಠಿಯ ಮುದ್ರೆ ಹೊತ್ತುವು. ಇಂಗ್ಲಿಷಿನ ಟಕಾರವನ್ನು ಕನ್ನಡವು ಸಾಮಾನ್ಯವಾಗಿ ಟಕಾರವೆಂದೇ ಕೇಳುವುದು. 'ತಿಕೀಟಿ'ನ ತಕಾರವು ಪಡುವಣ ದಾರಿಯ ಗುರುತು.

ಅರ್ಥದ ವಿಷಯವು ಇದಕ್ಕಿಂತ ತೊಡಕಿನದು. ಉಚ್ಚಾರದ ತಪ್ಪು ಕೂಡಲೆ ತಿಳಿಯುವುದು. ಅರ್ಥದ ತಪ್ಪು ಬಹುಕಾಲ ತಿಳಿಯದು. 'ಹೋಟೆಲು' ನಮ್ಮಲ್ಲಿ ಚಹಾ-ಫಳಾರದ ಅಂಗಡಿ, ಇಂಗ್ಲಿಷಿನಲ್ಲಿ ತಂಗುವ ಮನೆ. 'ಡೂಪ್ಲಿಕೇಟು' ಅಲ್ಲಿ ಎರಡನೆಯ ಪ್ರತಿ, ಪೇಟೆಯಲ್ಲಿ ಖೊಟ್ಟಿ ಮಾಲು. 'ಲೈಟ್ ಹೋಗ್ಯಾದ' ಎಂದಾಗ ಹೋದುದು ಒಂದು ದೀಪವಲ್ಲ, ಊರಿನ ವಿದ್ಯುತ್ತು. 'ಮೋಟಾರು' ಹಿಂದೆ ಬಸ್ಸಾಗಿದ್ದು ಈಗ ಹೆಚ್ಚಾಗಿ ಬಾವಿಯ ಪಂಪಾಗಿದೆ. 'ಕಟಿಂಗು' ಇಲ್ಲಿ ಕ್ಷೌರ. ಇಂಗ್ಲಿಷಿನವನಿಗೆ ಅದು ನೆಡುವುದಕ್ಕೆ ಕಡಿದ ಗಿಡದ ತುಂಡು, ಇಲ್ಲವೆ ಪತ್ರಿಕೆಯಿಂದ ಕತ್ತರಿಸಿದ ಚೂರು. ಬ್ರೆಡ್ಡಿಗೆ ಹೈದರಾಬಾದಿನ ಪ್ರಭಾವವಿರುವಲ್ಲೆಲ್ಲ 'ಡಬಲ್ ರೋಟಿ' ಎನ್ನುವರು. ಲಾಕ್ಷಣಿಕರು ಅರಿಸಮಾಸವೆಂದು ಮುನಿಯಬಹುದಾದ ಈ ಪದದ ಅರ್ಧವು ಇಂಗ್ಲಿಷಾದರೂ ಇಂಗ್ಲೆಂಡಿನಲ್ಲಿ ಇದನ್ನು ಬಲ್ಲವರಿಲ್ಲ. ಎಲ್ಲಕ್ಕಿಂತ ಸ್ವಾರಸ್ಯವಾದುದು 'ಕಾಪಿ'. ಮೈಸೂರಿನಲ್ಲಿ ಅದು ಕುಡಿಯುವ ಪದಾರ್ಥ. ಉರ್ದು ಓದಿದವರಿಗೆ ಬರೆಯುವ ಪುಸ್ತಕ. ಪರೀಕ್ಷೆಯ ಕೊಠಡಿಯಲ್ಲಿ ಕದ್ದು ನೋಡುವ ವಿದ್ಯೆ. ಇಂಗ್ಲಿಷಿನ ಎರಡು ಬೇರೆ ಪದಗಳು ಕನ್ನಡದಲ್ಲಿ ಒಂದೇ ರೂಪ ತಾಳಿದ ಉದಾಹರಣೆಯಿದು.

ಇನ್ನು 'ಸ್ಲ್ಯಾಂಗ್' ಎಂಬುದು. ಇದನ್ನು 'ಗ್ರಾಮ್ಯ'ವೆಂದು ಅನುವಾದಿಸುವುದು ಸರಿಯಲ್ಲ. ಗ್ರಾಮ್ಯವು ಹಳ್ಳಿಯದು, ಇದು ಒಂದು ಕೂಟದವರು ತಮ್ಮತಮ್ಮಲ್ಲಿ ಆಡುವ ಮಾತು. 'ಪಟಾಲಮ್ಮಿನ ಮಾತು' ಎಂದರೆ ಹೆಚ್ಚು ಒಪ್ಪೀತು. (ದಕ್ಷಿಣದ 'ಪಟಾಲಮ್' ಹಾಗೂ ಉತ್ತರದ 'ಪಲ್ಟಣ' ಎರಡೂ 'ಬೆಟಾಲಿಯನ್' ಎಂಬುದರಿಂದ ಹುಟ್ಟಿದುವು.) ಕುಡಿದವನನ್ನು ನಮ್ಮವರು 'ಟೈಟಾಗ್ಯಾನ' ಎನ್ನುವರಷ್ಟೆ, ಇದು ನಮ್ಮ ಕಲ್ಪನೆಯಲ್ಲ, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನ ಕೂಟದ ಮಾತೇ. 'ಬೋಗಸ್' ಎಂಬುದು ಅಮೆರಿಕದಲ್ಲಿ ಖೊಟ್ಟಿ ನಾಣ್ಯಗಳಿಗೆ ಸಂಬಂಧಿಸಿದ ಕಳ್ಳರ ಮಾತಾಗಿ ಮೊದಲಾಗಿ ಸಭ್ಯರ ನುಡಿಗೆ ಏರಿತು.

ಪ್ರಯಾಣವು ಒಂದೇ ದಿಕ್ಕಿನದಲ್ಲ. ಕಲ್ಯಾಣದ ಹುಡುಗನು ದಿನವೂ ಆಡುವ 'ಖುಷಿ'ಯೇ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಶ್ರಮವಿಲ್ಲದ ಕೆಲಸವನ್ನು ಹೇಳುವ 'ಕುಷಿ'ಯಾಯಿತು. 'ದೇಖೋ' ಎಂಬ ವಿಧಿರೂಪವು 'ಡೆಕ್ಕೋ' ಎಂಬ ನಾಮಪದವಾಯಿತು. 'ವಿಲಾಯತಿ'ಯು 'ಬ್ಲೈಟಿ'ಯಾಗಿ, ೧೯೧೪-೧೮ರ ಯುದ್ಧದಲ್ಲಿ ಸ್ವದೇಶದ ಹೆಸರೂ, ಸಿಪಾಯಿಯನ್ನು ಸ್ವದೇಶಕ್ಕೆ ಕಳುಹುವ ಗಾಯದ ಹೆಸರೂ ಆಯಿತು. ಚಿಟ್ಠಿ, ಪಕ್ಕಾ, ಲೂಟಿಗಳ ಕಥೆಯೂ ಇಂಥದೇ. 'ಠಗ್' ಎಂಬುದನ್ನು ಇಂಗ್ಲಿಷು ವಾಚಕರಿಗೆ ಪರಿಚಯಮಾಡಿಸಿದವರಲ್ಲಿ ಮುಖ್ಯನು, ೧೮೩೯ರಲ್ಲಿ ಠಗ್ಗನೊಬ್ಬನ ಆತ್ಮಕಥೆಯ ರೂಪದ ಕಾದಂಬರಿಯನ್ನು ಪ್ರಕಟಿಸಿದ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದ ಇವನು ಮುಂದೆ ಹುಮನಾಬಾದದಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯ ನಳದುರ್ಗದಲ್ಲಿ ಆಡಳಿತ ನಡೆಸಿದನು. ಇಂಥ ಮಾತುಗಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿದ ಯೂಲ್-ಬರ್ನೆಲ್ಲರ ಕೋಶವು ೧೮೮೬ರಲ್ಲಿ ಹೊರಬಂದಿತು. ಆದರೆ ಕೂಟದ ಮಾತಿಗೆ ಆಯುಸ್ಸು ಕಡಮೆ. 'ಕುಷಿ' ಇಂದಿಗೂ ಜೀವಂತ, 'ಡೆಕ್ಕೋ' ಹಳತಾಯಿತು, 'ಬ್ಲೈಟಿ'ಯನ್ನು ಈಗ ವಿನೋದಕ್ಕೆ ಆಡುವರು. ಇವನ್ನು ಕೇಳಿ ತಿಳಿಯುವುದಕ್ಕೆ ಕಲಿಸಬೇಕೇ ಹೊರತು ಅರ್ಜಿಯಲ್ಲಿ ಬರೆಯುವುದಕ್ಕಲ್ಲ.

ಉಪಾಧ್ಯಾಯರು ಈ ಸೀಮೆಯಲ್ಲಿ ಪಾಠವನ್ನು ಎಲ್ಲಿಂದ ತೊಡಗಬಹುದೆಂದರೆ, ಪೊಲೀಸ್ ಠಾಣೆಯಿಂದಲೇ ತೊಡಗಬಹುದು. ಸಂಸ್ಕೃತದ 'ಸ್ಥಾನ'ವು ಕನ್ನಡದಲ್ಲಿ 'ತಾಣ'ವಾಯಿತು. ಅದೇ ಪದವು ಪ್ರಾಕೃತ, ಮರಾಠಿಗಳನ್ನು ಸುತ್ತಿ 'ಠಾಣೆ'ಯಾಗಿ ಮರಳಿತು. ನಿಲ್ಲುವುದೆಂಬ ಅರ್ಥದ ಅದೇ ಆರ್ಯಮೂಲದ ಧಾತುವು ಲ್ಯಾಟಿನ್ನಿನ ಮೂಲಕ 'ಸ್ಟೇಷನ್' ಆಗಿ ಬಂದಿತು. ಕಲ್ಯಾಣಕ್ಕೆ ಹೋಗುವವರು ಹೆದ್ದಾರಿಯಿಂದ ಹೊರಳುವ ಸ್ಥಳಕ್ಕೆ ಸಸ್ತಾಪುರ ಬಂಗ್ಲಾ ಎಂದು ಹೆಸರು. 'ಬಂಗ್ಲಾ' ಎಂದರೆ ಬಂಗಾಳದ ರೀತಿಯ ಮನೆ. ಇದನ್ನೇ ಇಂಗ್ಲಿಷಿನವರು ಕೊಂಡೊಯ್ದು 'ಬಂಗಲೋ' ಎಂದರು. ಅಲ್ಲಿ ಬಸ್ಸಿಳಿಯುವ ಬಾಲಕನಿಗೆ ಆ ಪದದ ಅಕ್ಷರಗಳನ್ನು ಮಾತ್ರ ಕಲಿಸಬೇಕಾಗಿದೆ.